ರಿಪೋರ್ಟ್ ನೋಡುವ ಮುನ್ನ ಬರೆದಿಡಬೇಕಾದ ಅಂಕಿ

ಭದ್ರಾ ನಾಲೆಯಲ್ಲಿ ನೀರು ಹರಿದು ಬಾತಿಯ ಸುತ್ತಮುತ್ತ ನಾಟಿ ನಡೆಯುವ ದಿನಗಳಲ್ಲಿ ಜ್ವರ ಹಿಡಿದವರಿಗೆ ಎರಡು ದಾರಿ. ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆಗೆ ಬಸ್ ಹತ್ತಿದರೆ ತಾಲ್ಲೂಕು ಆಸ್ಪತ್ರೆ. ದಾವಣಗೆರೆ ಕಡೆಗೆ ಹತ್ತಿದರೆ ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆ. ಯಾವ ಕಡೆ ಹೋದರೂ ಫಿಸಿಷಿಯನ್ ಮುಂದೆ ಕೂರುವ ಹೊತ್ತಿಗೆ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಎರಡು ಮೂರು ಲ್ಯಾಬ್ ಚೀಟಿ, ಅವುಗಳಲ್ಲೊಂದು ವಿಡಾಲ್. "ಸಾರ್, ಅವ್ವಂಗೆ ಟೈಫಾಯ್ಡ್ ಅಂತ ಬಂದೈತಿ, ಡ್ರಿಪ್ ಹಾಕಿಬಿಡ್ರಿ" ಎಂದು ಮಗ ಆಗಲೇ ತೀರ್ಪು ಹೇಳಿರುತ್ತಾನೆ. ಡ್ಯೂಟಿಯಲ್ಲಿರುವ ಡಾಕ್ಟರ್ ಆ ತೀರ್ಪನ್ನು ಒಪ್ಪಬೇಕೇ, ಬೇಡವೇ? ಒಪ್ಪುವುದಾದರೆ ಎಷ್ಟರ ಮಟ್ಟಿಗೆ?

ಸಾಕ್ಷ್ಯ ಆಧರಿಸಿದ ವೈದ್ಯಕೀಯ ಎಂಬ ಮಾತು 1990ರ ದಶಕದ ಆರಂಭದಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕಡೆಯಿಂದ ಹರಡಿತು. ಸಂಶೋಧನೆಯ ಫಲ, ವೈದ್ಯರ ಪಳಗಿದ ವಿವೇಚನೆ, ರೋಗಿಯ ಇಷ್ಟಾನಿಷ್ಟ, ಈ ಮೂರೂ ಕೂಡಬೇಕು ಎಂದು ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ಬರೆದರು. ಆದರೆ ವಾರ್ಡ್ ರೌಂಡ್ಸ್‌ನಲ್ಲಿ ಅದು ಎಷ್ಟೋ ಸಲ ಗೈಡ್‌ಲೈನ್‌ನ ಸಾಲು ಒಪ್ಪಿಸುವ ಕೆಲಸವಾಗಿ ಇಳಿದಿದೆ. ನಾನು ಹೇಳಬೇಕಾದದ್ದು ಇಷ್ಟೇ: ಒಂದು ರಿಪೋರ್ಟಿಗಾಗಲಿ, ಒಂದು ಅಧ್ಯಯನಕ್ಕಾಗಲಿ ತನ್ನದೇ ಆದ ನಿಗದಿತ ತೂಕ ಇರುವುದಿಲ್ಲ. ಎದುರಿಗೆ ಕೂತ ರೋಗಿ ಯಾರು ಎಂಬುದರ ಮೇಲೆ ಅದರ ತೂಕ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಮೊದಲು ರೋಗಿಯನ್ನು ನೋಡಿ ಒಂದು ಅಂದಾಜಿಗೆ ಬರಬೇಕು, ಆಮೇಲೆ ಕಾಗದ ಬಿಚ್ಚಬೇಕು.

ವಿಡಾಲ್‌ನಿಂದಲೇ ಶುರು ಮಾಡೋಣ. ಫ್ರಾನ್ಸಿನ ಫರ್ನಾಂಡ್ ವಿಡಾಲ್ ಈ ಪರೀಕ್ಷೆಯನ್ನು ವಿವರಿಸಿದ್ದು 1896ರಲ್ಲಿ. ರೋಗಿಯ ರಕ್ತದ ಸೀರಮ್ಮಿನಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಹೆಪ್ಪುಗಟ್ಟಿದಂತೆ ಒಟ್ಟುಗೂಡುತ್ತವೆಯೇ ಎಂದು ನೋಡುವ ಪರೀಕ್ಷೆ ಅದು. ತೊಂದರೆ ಏನೆಂದರೆ, ಹಿಂದೆಂದೋ ಟೈಫಾಯ್ಡ್ ಬಂದು ಹೋಗಿದ್ದರೂ, ಲಸಿಕೆ ಹಾಕಿಸಿಕೊಂಡಿದ್ದರೂ, ಅದೇ ಕುಲದ ಬೇರೆ ಬ್ಯಾಕ್ಟೀರಿಯಾ ತಗುಲಿದ್ದರೂ, ಕೆಲವು ಸಲ ಮಲೇರಿಯಾದಲ್ಲೂ ಅದು ಪಾಸಿಟಿವ್ ಬರಬಹುದು.

ಎಣಿಕೆಗೆ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ನಿಜವಾದ ಟೈಫಾಯ್ಡ್ ಇದ್ದ 100 ಜನರಲ್ಲಿ 70 ಮಂದಿಗೆ ಪರೀಕ್ಷೆ ಪಾಸಿಟಿವ್ ಬರುತ್ತದೆ, ಇಲ್ಲದ 100 ಜನರಲ್ಲಿ 20 ಮಂದಿಗೆ ಸುಮ್ಮನೆ ಪಾಸಿಟಿವ್ ಬರುತ್ತದೆ ಎಂದುಕೊಳ್ಳಿ. ನಿಮ್ಮ ಓ.ಪಿ.ಡಿ.ಗೆ ಬಂದ 100 ಜ್ವರದವರಲ್ಲಿ 10 ಜನರಿಗೆ ಮಾತ್ರ ಟೈಫಾಯ್ಡ್ ಇದೆ. ಆ ಹತ್ತರಲ್ಲಿ 7 ಮಂದಿ ಪಾಸಿಟಿವ್. ಉಳಿದ 90ರಲ್ಲಿ 18 ಮಂದಿ ಸುಳ್ಳು ಪಾಸಿಟಿವ್. ಒಟ್ಟು 25 ಪಾಸಿಟಿವ್ ಚೀಟಿಗಳಲ್ಲಿ ನಿಜವಾದ ಟೈಫಾಯ್ಡ್ 7, ಅಂದರೆ ಶೇ. 28. "ಟೈಫಾಯ್ಡ್ ಬಂದೈತಿ" ಎಂದು ಬಂದ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಇಲ್ಲವೇ ಇಲ್ಲ. ಈಗ ಬೇರೆ ರೋಗಿ: ಎಂಟು ದಿನದಿಂದ ದಿನದಿನಕ್ಕೆ ಏರುತ್ತಿರುವ ಜ್ವರ, ಹೊಟ್ಟೆನೋವು, ನಾಲಿಗೆಯ ಮೇಲೆ ಬಿಳಿ ಪದರ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ. ಪರೀಕ್ಷೆಗೆ ಮುನ್ನವೇ ನಿಮ್ಮ ಅಂದಾಜು ಶೇ. 50. ಅಂಥ ನೂರು ಮಂದಿಯಲ್ಲಿ 35 ನಿಜ ಪಾಸಿಟಿವ್, 10 ಸುಳ್ಳು ಪಾಸಿಟಿವ್. ಅದೇ ಲ್ಯಾಬ್, ಅದೇ ಪರೀಕ್ಷೆ, ಅದೇ ಅಂಕಿ ಬರೆದ ಚೀಟಿ. ಆದರೆ ಈಗ ಅದರ ಮಾತು ಶೇ. 78ರಷ್ಟು ನಂಬಿಕೆಗೆ ಅರ್ಹ.

ಅದಕ್ಕೇ ಪಿ.ಜಿ. ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವ ಅಭ್ಯಾಸ ಒಂದಿದೆ. ರಿಪೋರ್ಟ್ ಬಿಚ್ಚುವ ಮುನ್ನ ಕೇಸ್ ಶೀಟಿನ ಅಂಚಿನಲ್ಲಿ ನಿಮ್ಮ ಅಂದಾಜನ್ನು ಪೆನ್ನಿನಲ್ಲಿ ಬರೆಯಿರಿ. "ಟೈಫಾಯ್ಡ್ 15, ಡೆಂಗಿ 40, ಇಲಿಜ್ವರ 20" ಎಂದು ಒರಟಾಗಿ ಬರೆದರೂ ಸಾಕು. ಬರೆಯದಿದ್ದರೆ ರಿಪೋರ್ಟ್ ನೋಡಿದ ಮೇಲೆ ನಮ್ಮ ಮನಸ್ಸು "ನನಗೆ ಮೊದಲೇ ಅನ್ನಿಸಿತ್ತು" ಎಂದು ಕಥೆ ಕಟ್ಟಿಕೊಳ್ಳುತ್ತದೆ. ಬರೆದಿಟ್ಟರೆ ವರ್ಷದ ಕೊನೆಗೆ ನಿಮ್ಮ ಅಂದಾಜು ಎಷ್ಟು ಸಲ ಸರಿಯಿತ್ತು ಎಂದು ನೀವೇ ನೋಡಬಹುದು. ಯಾವ ಪಠ್ಯಪುಸ್ತಕವೂ ಕೊಡಲಾಗದ ಸ್ಥಳೀಯ ಜ್ಞಾನ ಅದು.

ಆ ಅಂದಾಜು ಎಲ್ಲಿಂದ ಬರಬೇಕು? ಮಾತಾಡಿಸುವುದರಿಂದ, ಮುಟ್ಟಿ ನೋಡುವುದರಿಂದ. ಬಾತಿಯ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ವಾರಗಟ್ಟಲೆ ನಿಂತು ನಾಟಿ ಹಾಕಿದ ಹೆಣ್ಣುಮಗಳಿಗೆ ಮೀನಖಂಡ ಹಿಡಿದರೆ ಚೀರುವಷ್ಟು ನೋವಿದ್ದು, ಕಣ್ಣು ಕೆಂಪಾಗಿ, ಮೂತ್ರ ಕಡಿಮೆಯಾಗಿದ್ದರೆ ಇಲಿಜ್ವರದ ಅಂದಾಜು ಒಂದೇ ಏಟಿಗೆ ಮೇಲೇರುತ್ತದೆ. ಕಾಲಿನ ಬೆರಳ ಸಂದಿ ನೀರಿನಲ್ಲಿ ನೆನೆದು ಬಿರಿದಿದೆಯೇ ನೋಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಅಂಥ ಬಿರುಕಿನ ಮೂಲಕ ಸುಲಭವಾಗಿ ಒಳಹೊಗುತ್ತದೆ. ಸೌದೆಗೆ, ಮೇವಿಗೆ ಪೊದೆಗಳ ಕಡೆ ಹೋಗುವವರಾದರೆ ಕಂಕುಳು, ತೊಡೆಸಂದಿ, ಸ್ತನದ ಕೆಳಗೆ, ಸೊಂಟದ ದಾರದ ಅಡಿ ಹುಡುಕಿ. ಬೀಡಿಯಿಂದ ಸುಟ್ಟಂತೆ ಕಾಣುವ ನೋವಿಲ್ಲದ ಕಪ್ಪು ಗುರುತು ಸಿಕ್ಕರೆ ಸ್ಕ್ರಬ್ ಟೈಫಸ್ ಎಂದು ಹೇಳಲು ಲ್ಯಾಬ್ ಉತ್ತರಕ್ಕೆ ಕಾಯಬೇಕಿಲ್ಲ. ಪರದೆ ಎಳೆದು, ನರ್ಸ್ ಜೊತೆಗಿದ್ದು, ಬಟ್ಟೆ ಸರಿಸಿ ನೋಡುವ ಎರಡು ನಿಮಿಷ ಇದು. ಜನಜಂಗುಳಿಯ ಓ.ಪಿ.ಡಿ.ಯಲ್ಲಿ ಈ ಎರಡು ನಿಮಿಷವೇ ಮೊದಲು ಕೈಬಿಟ್ಟುಹೋಗುವುದು ನನಗೆ ತುಂಬಾ ನೋವಿನ ಸಂಗತಿ.

ಪರೀಕ್ಷೆ ಯಾವ ದಿನ ಮಾಡಿದ್ದು ಎನ್ನುವುದೂ ತೂಕಕ್ಕೆ ಸೇರಿದ್ದು. ಡೆಂಗಿಯ ಎನ್.ಎಸ್.1 ಮೊದಲ ಐದು ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ಐ.ಜಿ.ಎಂ. ಅಲ್ಲಿಂದ ಮುಂದೆ. ಇಲಿಜ್ವರದ ಐ.ಜಿ.ಎಂ. ಮೂರನೇ ದಿನ ನೆಗೆಟಿವ್ ಬಂದರೆ ಅದಕ್ಕೆ ಬೆಲೆಯೇ ಇಲ್ಲ. ಟೈಫಾಯ್ಡಿಗೆ ರಕ್ತದ ಕಲ್ಚರ್ ಒಳ್ಳೆಯ ಸಾಕ್ಷಿ, ಆದರೆ ಅದೂ ಸುಮಾರು ಅರ್ಧದಿಂದ ಶೇ. 60ರಷ್ಟು ರೋಗಿಗಳಲ್ಲಿ ಮಾತ್ರ ಹಿಡಿಯುತ್ತದೆ. ಆ್ಯಂಟಿಬಯೋಟಿಕ್‌ಗೆ ಮುನ್ನ, ಸಾಕಷ್ಟು ರಕ್ತ ತೆಗೆದಿದ್ದರೆ ಮಾತ್ರ ಅಷ್ಟಾದರೂ. ಚೀಟಿಯ ಮೇಲೆ ಜ್ವರದ ಎಷ್ಟನೇ ದಿನ ಎಂದು ಬರೆಯುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಇನ್ನೊಂದು ಪ್ರಶ್ನೆ: ಚಿಕಿತ್ಸೆ ಶುರು ಮಾಡಲು ಎಷ್ಟು ಖಾತರಿ ಬೇಕು? ಪಾಕರ್ ಮತ್ತು ಕ್ಯಾಸಿರರ್ ಎಂಬ ಇಬ್ಬರು ವೈದ್ಯರು 1980ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಮದ್ದಿನ ಅಪಾಯ ಚಿಕ್ಕದು, ಕೊಡದಿದ್ದರೆ ಆಗುವ ನಷ್ಟ ದೊಡ್ಡದು ಎಂದಾದರೆ ಕಡಿಮೆ ಖಾತರಿಯಲ್ಲೇ ಶುರು ಮಾಡಿ. ಮದ್ದೇ ಭಾರವಾದರೆ ಹೆಚ್ಚಿನ ಖಾತರಿಗೆ ಕಾಯಿರಿ. ಕಾಮಾಲೆಯೂ ಮೂತ್ರಪಿಂಡದ ತೊಂದರೆಯೂ ಕಾಣಿಸಿಕೊಂಡ ಜ್ವರದ ರೋಗಿಗೆ ಅಂದಾಜು ಶೇ. 20 ಇದ್ದರೂ ಇಲಿಜ್ವರದ ಮದ್ದು ಕೊಡುವುದು ಸರಿ. ಡಾಕ್ಸಿಸೈಕ್ಲಿನ್ ಅಗ್ಗ, ಸ್ಕ್ರಬ್ ಟೈಫಸ್‌ಗೂ ಆಗುತ್ತದೆ. ಗರ್ಭಿಣಿಯಾದರೆ ಬೇರೆ ಮದ್ದು ನೋಡಬೇಕು. ಅದೇ ಹೊಟ್ಟೆಯ ಕ್ಷಯ ಇರಬಹುದೇನೋ ಎಂಬ ಶೇ. 20ರ ಅನುಮಾನಕ್ಕೆ ಆರು ತಿಂಗಳ ಮಾತ್ರೆ ಬರೆಯುವುದು ತಪ್ಪು. ಅಲ್ಲಿ ಇನ್ನಷ್ಟು ಹುಡುಕಬೇಕು.

ಡೆಂಗಿಯಲ್ಲಿ ನಮ್ಮ ಜನರ ಕಣ್ಣೆಲ್ಲ ಪ್ಲೇಟ್‌ಲೆಟ್ ಮೇಲೆ. ದಿನಕ್ಕೆ ಎರಡು ಸಲ ಎಣಿಕೆ, ಸಂಖ್ಯೆ ಇಳಿದರೆ ಮನೆಯವರಿಗೆ ದಿಗಿಲು, ರಾತ್ರೋರಾತ್ರಿ ರಕ್ತನಿಧಿಗೆ ಓಟ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ಓಟವನ್ನೇ ಪರೀಕ್ಷಿಸಿತು. ಎಣಿಕೆ 20,000ಕ್ಕೆ ಅಥವಾ ಅದಕ್ಕಿಂತ ಕೆಳಗಿಳಿದ, ಆದರೆ ಗಂಭೀರ ರಕ್ತಸ್ರಾವ ಇಲ್ಲದ 372 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಪ್ಲೇಟ್‌ಲೆಟ್ ಏರಿಸಿದರು, ಇನ್ನೊಂದಕ್ಕೆ ಇಲ್ಲ. ರಕ್ತಸ್ರಾವವಾದದ್ದು ಕ್ರಮವಾಗಿ ಶೇ. 21 ಮತ್ತು ಶೇ. 26, ಲೆಕ್ಕಶಾಸ್ತ್ರದ ಪ್ರಕಾರ ಈ ಅಂತರ ಆಕಸ್ಮಿಕವಾಗಿರಬಹುದು. ಅಡ್ಡಪರಿಣಾಮ ಮಾತ್ರ ಪ್ಲೇಟ್‌ಲೆಟ್ ಪಡೆದವರಲ್ಲೇ ಹೆಚ್ಚು: 13 ಘಟನೆ, ಇನ್ನೊಂದು ಗುಂಪಿನಲ್ಲಿ 2. ಪಪ್ಪಾಯಿ ಎಲೆಯ ರಸದ ಕಥೆಯೂ ಇದಕ್ಕೆ ಹತ್ತಿರದ್ದು. ಎಣಿಕೆ ತುಸು ಬೇಗ ಏರುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಆದರೆ ಎಣಿಕೆ ಏರಿದ್ದರಿಂದ ಸಾವು ತಪ್ಪಿತು, ಶಾಕ್ ತಪ್ಪಿತು ಎಂದು ಅವು ತೋರಿಸಿಕೊಟ್ಟಿಲ್ಲ. ಡೆಂಗಿಯಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ರಕ್ತನಾಳದಿಂದ ನೀರಿನಂಶ ಸೋರುವುದು, ಅದೂ ಜ್ವರ ಇಳಿದ ಹೊತ್ತಿನಲ್ಲೇ. ನಾಡಿ, ಎರಡು ಬಿ.ಪಿ. ಅಂಕಿಗಳ ನಡುವಿನ ಅಂತರ, ಹೆಮಟೋಕ್ರಿಟ್, ಮೂತ್ರದ ಪ್ರಮಾಣ, ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಇವುಗಳ ಮೇಲೆ ಕಣ್ಣಿರಬೇಕು. ಕಾಗದದ ಮೇಲಿನ ಅಂಕಿ ಸುಧಾರಿಸುವುದೂ ರೋಗಿ ಸುಧಾರಿಸುವುದೂ ಬೇರೆ ಬೇರೆ ಎಂಬುದನ್ನು ಇಲ್ಲಿ ಕಲಿತರೆ ಉಳಿದೆಡೆಯೂ ಉಪಯೋಗಕ್ಕೆ ಬರುತ್ತದೆ. ಅಮೆರಿಕ, ಕೆನಡಾಗಳಲ್ಲಿ ನಡೆದ ಅಕಾರ್ಡ್ ಅಧ್ಯಯನ 10,251 ಮಧುಮೇಹಿಗಳ ಮೇಲೆ ನಡೆದದ್ದು. ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತರಲು ಹಟ ಹಿಡಿದ ಗುಂಪಿನಲ್ಲಿ ಸಾವುಗಳೇ ಹೆಚ್ಚಾಗಿ 2008ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ನಮ್ಮ ಭಾಗದ ಡ್ಯೂಟಿ ಡಾಕ್ಟರರಿಗೆ ಅತಿ ಕಷ್ಟದ ಪ್ರಶ್ನೆ ಬರುವುದು ಇನ್ನೊಂದು ಕಡೆ. ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರನ್ನು ರಾತ್ರಿ ಹೊತ್ತು ಆಟೋದಲ್ಲೋ ಆಂಬುಲೆನ್ಸ್‌ನಲ್ಲೋ ಕರೆತರುತ್ತಾರೆ. ಆರ್ಗನೋಫಾಸ್ಫರಸ್ ವಿಷಕ್ಕೆ ಅಟ್ರೋಪಿನ್ ಸರಿ. ಅದರ ಜೊತೆ ಪ್ರಾಲಿಡಾಕ್ಸಿಮ್ ಕೊಡಬೇಕೇ? ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ ಪ್ರಯೋಗ 2006ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಎಲ್ಲರಿಗೂ ಮೊದಲು 2 ಗ್ರಾಂ ಕೊಟ್ಟು, ಬಳಿಕ ಒಂದು ಗುಂಪಿಗೆ ಗಂಟೆಗೆ 1 ಗ್ರಾಂನಂತೆ 48 ಗಂಟೆ ಸತತವಾಗಿ, ಇನ್ನೊಂದಕ್ಕೆ ನಾಲ್ಕು ಗಂಟೆಗೊಮ್ಮೆ 1 ಗ್ರಾಂ. ಸತತವಾಗಿ ಪಡೆದವರಲ್ಲಿ ಸಾವು ಶೇ. 1, ಇನ್ನೊಂದರಲ್ಲಿ ಶೇ. 8. ಮೂರು ವರ್ಷದ ಬಳಿಕ, 2009ರಲ್ಲಿ, ಶ್ರೀಲಂಕಾದಿಂದ ಇನ್ನೊಂದು ಬಂತು. 235 ರೋಗಿಗಳು, 2 ಗ್ರಾಂ ಮೊದಲು, ಆಮೇಲೆ ಗಂಟೆಗೆ ಅರ್ಧ ಗ್ರಾಂ. ಎದುರಿನ ಗುಂಪಿಗೆ ಬರೀ ಸಲೈನ್. ಮದ್ದು ಪಡೆದವರಲ್ಲಿ ಸತ್ತವರು ಶೇ. 24.8, ಸಲೈನ್ ಗುಂಪಿನಲ್ಲಿ ಶೇ. 15.8. ಅಂತರ ಆಕಸ್ಮಿಕವೂ ಇರಬಹುದು, ಆದರೆ ಲಾಭದ ಸುಳಿವಂತೂ ಇಲ್ಲ. ವಿಷ ಕಟ್ಟಿಹಾಕಿದ್ದ ಕೆಂಪು ರಕ್ತಕಣದ ಕಿಣ್ವ ಮಾತ್ರ ಮದ್ದಿನಿಂದ ಚೇತರಿಸಿಕೊಂಡಿತ್ತು! ಇಲ್ಲೂ ಅಂಕಿ ಸುಧಾರಿಸಿತು, ರೋಗಿ ಸುಧಾರಿಸಲಿಲ್ಲ.

ಯಾವುದನ್ನು ನಂಬುವುದು? ಎರಡನ್ನೂ ಬಿಚ್ಚಿ ನೋಡಬೇಕು. ಬಾರಾಮತಿಯವರು ಹೋಲಿಸಿದ್ದು ಹೆಚ್ಚು ಮದ್ದನ್ನು ಕಡಿಮೆ ಮದ್ದಿನೊಂದಿಗೆ. ಮದ್ದೇ ಇಲ್ಲದ ಗುಂಪು ಅಲ್ಲಿರಲಿಲ್ಲ. ಅಲ್ಲಿನ ರೋಗಿಗಳು ಬೇಗ ಆಸ್ಪತ್ರೆ ಸೇರಿದವರು, ಐ.ಸಿ.ಯು. ಆರೈಕೆ ಪಡೆದವರು. ಶ್ರೀಲಂಕಾದ್ದು ಜಿಲ್ಲಾ ಮಟ್ಟದ ಆಸ್ಪತ್ರೆಗಳ ಚಿತ್ರ. ಕುಡಿದ ವಿಷ ಯಾವುದು ಎಂಬುದೂ ಮುಖ್ಯ. ಕೆಲವು ಸಂಯುಕ್ತಗಳು ಕಿಣ್ವವನ್ನು ಕೆಲವೇ ಗಂಟೆಗಳಲ್ಲಿ ಮದ್ದಿಗೆ ಬಗ್ಗದಂತೆ ಕಟ್ಟಿಹಾಕುತ್ತವೆ. ಹಾಗಾದರೆ ನಿಮ್ಮ ಮುಂದಿರುವವರು ಕುಡಿದು ಎಷ್ಟು ಹೊತ್ತಾಯಿತು? ಡಬ್ಬಿ ತಂದಿದ್ದಾರೆಯೇ? ತರದಿದ್ದರೆ ಹೊಲದ ಮನೆಯಿಂದ ಅದರ ಫೋಟೊ ಮೊಬೈಲಿಗೆ ಕಳಿಸುವಂತೆ ಹೇಳಿ. ಎರಡು ಗಂಟೆಯೊಳಗೆ ಬಂದವರ ವಿಷಯ ಬೇರೆ, ಮೂರು ಕಡೆ ಸುತ್ತಿ ಮರುದಿನ ಬಂದವರ ವಿಷಯ ಬೇರೆ. ನನ್ನ ಮಟ್ಟಿಗೆ, ಪ್ರಾಲಿಡಾಕ್ಸಿಮ್ ಚರ್ಚೆಯಲ್ಲಿ ಒಂದು ನಿಮಿಷವೂ ಕಳೆಯುವ ಮೊದಲು ಉಸಿರಿನ ದಾರಿ ಮತ್ತು ಅಟ್ರೋಪಿನ್ ಸರಿಯಾಗಿರಬೇಕು. ಅಟ್ರೋಪಿನ್ ಬಗ್ಗೆ ಸಾಕ್ಷ್ಯ ಹೆಚ್ಚು ನೇರ. ಬಾಂಗ್ಲಾದೇಶದ ಪ್ರಯೋಗವೊಂದರಲ್ಲಿ (2012) ಪ್ರತಿ ಸಲ ಡೋಸ್ ದುಪ್ಪಟ್ಟು ಮಾಡುತ್ತ ಹೋಗಿ ಆಮೇಲೆ ಡ್ರಿಪ್ಪಿನಲ್ಲಿ ಮುಂದುವರಿಸಿದವರಲ್ಲಿ ಸಾವು ಶೇ. 8, ಹಳೆಯ ರೀತಿಯಲ್ಲಿ ಕೊಟ್ಟವರಲ್ಲಿ ಶೇ. 22.5. ಎದೆಯ ಗೊರಗೊರ ನಿಂತು, ನಾಡಿ 80 ದಾಟಿ, ಮೇಲಿನ ಬಿ.ಪಿ. 80 ದಾಟಿ, ಕಂಕುಳು ಒಣಗುವವರೆಗೆ ಅಟ್ರೋಪಿನ್ ಏರಿಸುತ್ತ ಹೋಗಿ. ಪಾಪೆ ಹಿಗ್ಗಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಸ್ಟೆತಸ್ಕೋಪನ್ನು ಎದೆಯ ಮೇಲಿಡಿ. ಬದುಕಿ ಮನೆಗೆ ಹೋಗುವ ಮುನ್ನ ಅವರೊಡನೆ ಒಬ್ಬರು ಕೂತು ಮಾತಾಡುವುದು, ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮನೆಯವರ ಮೊಬೈಲಿನಲ್ಲಿ ಉಳಿಸಿಕೊಡುವುದು ಚಿಕಿತ್ಸೆಯದೇ ಭಾಗ.

ಸಾಕ್ಷ್ಯಕ್ಕೆ ವಯಸ್ಸೂ ಆಗುತ್ತದೆ. ಇದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಶಿವಮೊಗ್ಗ ಜಿಲ್ಲೆಯೇ ಸಾಕು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಲಸಿಕೆ ಇತ್ತು. 1990ರಿಂದ 1992ರವರೆಗಿನ ಅಧ್ಯಯನ ಒಂದು ಡೋಸಿಗೆ ಶೇ. 79.3, ಎರಡಕ್ಕೆ ಶೇ. 93.5 ರಕ್ಷಣೆ ಎಂದಿತು. 2005–2010ರ ಅಂಕಿಅಂಶಗಳನ್ನು ಮತ್ತೆ ಕೂಡಿಹಾಕಿ ನೋಡಿದಾಗ ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ, ಎರಡಕ್ಕೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಕೊನೆಗೆ 2022ರಲ್ಲಿ ಅದರ ಬಳಕೆಯೇ ನಿಂತಿತು. ಹಳೆಯ ಅಧ್ಯಯನ ಸುಳ್ಳೆಂದಲ್ಲ. ಆದರೆ ಮಲೆನಾಡಿನಿಂದ ಅಡಿಕೆ ಕೊಯ್ಲು ಮುಗಿಸಿ ಜ್ವರ ಹೊತ್ತು ಬಂದ ಕೂಲಿಯವರು "ಲಸಿಕೆ ಆಗಿದೆ" ಎಂದ ಮಾತ್ರಕ್ಕೆ ಆ ಕಾಯಿಲೆಯನ್ನು ಪಟ್ಟಿಯಿಂದ ತೆಗೆಯುವ ಡಾಕ್ಟರ್ ಹಳೆಯ ಅಂಕಿಯ ಮೇಲೆ ಹೊಸ ರೋಗಿಯನ್ನು ಕೂರಿಸುತ್ತಿದ್ದಾರೆ.

ಮೆಡಿಕಲ್ ರೆಪ್ ತರುವ ಹೊಳೆಯುವ ಕಾಗದದಲ್ಲಿ "ಶೇ. 25 ಇಳಿಕೆ" ಎಂದಿದ್ದರೆ ಕೇಳಿ: ಎಷ್ಟರಿಂದ ಎಷ್ಟಕ್ಕೆ? 2015ರ ಸ್ಪ್ರಿಂಟ್ ಅಧ್ಯಯನದಲ್ಲಿ ಮೇಲಿನ ಬಿ.ಪಿ.ಯನ್ನು 120ರ ಕೆಳಗೆ ಇಳಿಸಿದವರಲ್ಲಿ ಹೃದಯ, ಮೆದುಳಿನ ಆಘಾತಗಳು ಶೇ. 25ರಷ್ಟು ಕಡಿಮೆಯಾದವು. ಅಂದರೆ ವರ್ಷಕ್ಕೆ ಶೇ. 2.19ರಿಂದ 1.65ಕ್ಕೆ. ಒಬ್ಬರಿಗೆ ತಪ್ಪಿಸಲು ಮೂರು ವರ್ಷದ ಮೇಲೆ 61 ಮಂದಿಗೆ ಆ ಬಿಗಿ ಚಿಕಿತ್ಸೆ ಬೇಕಾಯಿತು. ಒಳ್ಳೆಯ ಫಲವೇ, ಅನುಮಾನವಿಲ್ಲ. ಆದರೆ ಅದರಲ್ಲಿ ಮಧುಮೇಹಿಗಳು ಇರಲಿಲ್ಲ, ಮತ್ತು ಬಿ.ಪಿ. ಅಳೆದದ್ದು ಐದು ನಿಮಿಷ ಸುಮ್ಮನೆ ಕೂರಿಸಿ, ಯಂತ್ರದಿಂದ, ಮೂರು ಸಲ. ಬಿಸಿಲಲ್ಲಿ ಬಸ್ ಇಳಿದು ಮೆಟ್ಟಿಲು ಹತ್ತಿ ಬಂದವರಿಗೆ ಮಾತಾಡಿಸುತ್ತಲೇ ಪಟ್ಟಿ ಸುತ್ತಿ ಬರುವ 138 ಆ ಅಧ್ಯಯನದ 138 ಅಲ್ಲ. ಅದನ್ನು ನಂಬಿ ಮಾತ್ರೆ ಏರಿಸಿದರೆ ಆ ಅಜ್ಜ ರಾತ್ರಿ ಎದ್ದಾಗ ತಲೆಸುತ್ತಿ ಬೀಳಬಹುದು.

ಉಪಗುಂಪುಗಳ ಬಗ್ಗೆ ಒಂದೇ ಮಾತು. ಹೃದಯಾಘಾತದ 17,187 ರೋಗಿಗಳ ಐಸಿಸ್-2 ಅಧ್ಯಯನ (1988) ಆಸ್ಪಿರಿನ್ನಿನ ಲಾಭವನ್ನು ಗಟ್ಟಿಯಾಗಿ ತೋರಿಸಿತು. ರೋಗಿಗಳನ್ನು ಜನ್ಮರಾಶಿಯ ಪ್ರಕಾರ ಒಡೆದು ನೋಡಿದಾಗ ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡಲಿಲ್ಲ! ಗುಂಪನ್ನು ಬೇಕಾದಷ್ಟು ಸೀಳಿದರೆ ಏನು ಬೇಕಾದರೂ ಸಿಗುತ್ತದೆ ಎಂದು ತೋರಿಸಲೆಂದೇ ಸಂಶೋಧಕರು ಅದನ್ನು ಪ್ರಕಟಿಸಿದರು. ಹಾಗೆಂದು ಎಲ್ಲ ಉಪಗುಂಪೂ ಹುಸಿಯಲ್ಲ. ಕೋವಿಡ್‌ನ ರಿಕವರಿ ಅಧ್ಯಯನ ಡೆಕ್ಸಾಮೆಥಸೋನ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಶೇ. 41.4ರಿಂದ 29.3ಕ್ಕೆ ಇಳಿಸಿತು ಎಂದಿತು. ಆಮ್ಲಜನಕವೇ ಬೇಡದಿದ್ದವರಿಗೆ ಯಾವ ಲಾಭವೂ ಇರಲಿಲ್ಲ. ರೋಗದ ತೀವ್ರತೆಯ ಪ್ರಕಾರ ಒಡೆದು ನೋಡುವುದಕ್ಕೆ ಅರ್ಥವಿದೆ, ಏಕೆಂದರೆ ಉರಿಯೂತ ಹೆಚ್ಚಾದಲ್ಲಿ ಮಾತ್ರ ಸ್ಟೀರಾಯ್ಡ್ ಕೆಲಸ ಮಾಡಬೇಕು ಎಂಬುದಕ್ಕೆ ಮೊದಲೇ ಕಾರಣವಿತ್ತು. 2021ರಲ್ಲಿ ಸಣ್ಣ ಜ್ವರದವರಿಗೂ ಅದನ್ನು ಬರೆದದ್ದು ಆ ಎರಡನೇ ಸಾಲನ್ನು ಓದದೆ ಬಿಟ್ಟದ್ದರಿಂದ.

ಓದಲು ಹೊತ್ತಿಲ್ಲ ಎನ್ನುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸ್ಟ್ಯಾಂಡರ್ಡ್ ಟ್ರೀಟ್‌ಮೆಂಟ್ ವರ್ಕ್‌ಫ್ಲೋಗಳು ಒಂದೊಂದು ಹಾಳೆಯಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಂದ ಶುರು ಮಾಡಬಹುದು. ಪೂರ್ತಿ ಪ್ರಬಂಧ ಕೈಗೆ ಬಂದರೆ ಕೊನೆಯ ತೀರ್ಮಾನಕ್ಕಿಂತ ಮೊದಲ ಕೋಷ್ಟಕ ಓದಿ. ಯಾರನ್ನು ಸೇರಿಸಿಕೊಂಡರು, ವಯಸ್ಸೆಷ್ಟು, ಎಷ್ಟು ಹೊತ್ತಿಗೆ ಬಂದರು, ಯಾರನ್ನು ಹೊರಗಿಟ್ಟರು ಎಂಬುದೆಲ್ಲ ಅಲ್ಲೇ ಇರುತ್ತದೆ. ನಿಮ್ಮ ರೋಗಿ ಆ ಕೋಷ್ಟಕದಲ್ಲಿ ಎಲ್ಲಿ ಕೂರುತ್ತಾರೆ ಎಂದು ಕೇಳಿಕೊಳ್ಳಿ. ಹೋದ ವಾರ ಅನಿರೀಕ್ಷಿತವಾಗಿ ತೀರಿಕೊಂಡ ಒಬ್ಬರ ನೆನಪು ಈ ವಾರದ ಎಲ್ಲರಿಗೂ ಸಿ.ಟಿ. ಬರೆಸುತ್ತಿದ್ದರೆ ಅದನ್ನೂ ಗುರುತಿಸಿಕೊಳ್ಳಿ. ಆ ನೆನಪು ದೊಡ್ಡದು, ಆದರೆ ಅದು ಒಬ್ಬರ ಸಾಕ್ಷ್ಯ.

ರೋಗಿಯೊಡನೆ ಮಾತಾಡುವಾಗ ಶೇಕಡಾವಾರು ಬಿಟ್ಟು ತಲೆಗಳನ್ನು ಎಣಿಸಿ. "ಅಮ್ಮಾ, ನಿಮ್ಮಂಥ ನೂರು ಜನದಾಗೆ ಎಂಬತ್ತು ಜನಕ್ಕೆ ಇದು ಟೈಫಾಯ್ಡ್ ಅಲ್ಲ. ಎರಡು ದಿನ ನೋಡೋಣ. ಮೂತ್ರ ಕಡಿಮೆ ಆದ್ರೆ, ಉಸಿರು ಕಟ್ಟಿದ್ರೆ, ತಲೆಸುತ್ತಿದ್ರೆ ರಾತ್ರಿ ಆದ್ರೂ ಬರ್ರಿ." ನಾಟಿಯ ಕೂಲಿ ಬಿಟ್ಟು ನಾಳೆ ಮತ್ತೆ ದಾವಣಗೆರೆಗೆ ಬರುವುದು ಅವರಿಗೆ ಆಗುತ್ತದೆಯೇ ಎಂದೂ ಕೇಳಿ. ಆಗದಿದ್ದರೆ ಇವತ್ತೇ ಕಲ್ಚರ್‌ಗೆ ರಕ್ತ ತೆಗೆದು ಮದ್ದು ಶುರು ಮಾಡುವುದು ಸರಿಯಾದ ನಿರ್ಧಾರವಾಗಬಹುದು. ಮನೆ ಆಸ್ಪತ್ರೆಗೆ ಹತ್ತಿರವಿದ್ದವರಿಗೆ ಕಾಯುವುದು ಸರಿಯಾಗಬಹುದು.

ಹರಿಹರದಿಂದ ದಾವಣಗೆರೆಗೆ ಕಳಿಸುವಾಗ ರೆಫರಲ್ ಚೀಟಿಯಲ್ಲಿ "ಜ್ವರ, ಹೆಚ್ಚಿನ ಚಿಕಿತ್ಸೆಗೆ" ಎಂದಷ್ಟೇ ಬರೆದರೆ ಮುಂದಿನ ಡಾಕ್ಟರ್ ಎಲ್ಲವನ್ನೂ ಶೂನ್ಯದಿಂದ ಶುರು ಮಾಡಬೇಕಾಗುತ್ತದೆ. ಜ್ವರ ಶುರುವಾದ ತಾರೀಖು, ಗದ್ದೆಯ ಕೆಲಸವೋ ಅಲ್ಲವೋ, ಕೊಟ್ಟ ಮೊದಲ ಆ್ಯಂಟಿಬಯೋಟಿಕ್ ಯಾವುದು, ಎಷ್ಟು ಗಂಟೆಗೆ, ಅದಕ್ಕೆ ಮುನ್ನ ಕಲ್ಚರ್ ತೆಗೆದದ್ದುಂಟೇ, ಮೂತ್ರ ಎಷ್ಟು, ವಿಷ ಕುಡಿದವರಾದರೆ ಡಬ್ಬಿಯ ಹೆಸರು ಮತ್ತು ಇದುವರೆಗೆ ಕೊಟ್ಟ ಅಟ್ರೋಪಿನ್. ಕೊನೆಯಲ್ಲಿ ನಿಮ್ಮ ಅಂದಾಜು, ಅಂಕಿಯಲ್ಲೇ: "ಇಲಿಜ್ವರ ಎಂದು ನನಗೆ ಶೇ. 60 ಅನ್ನಿಸುತ್ತದೆ, ಡಾಕ್ಸಿಸೈಕ್ಲಿನ್ ಬೆಳಿಗ್ಗೆ ಹತ್ತಕ್ಕೆ ಕೊಟ್ಟಿದ್ದೇನೆ."